ಹೊರದೇಶದ ಕಾಲೇಜು ಮಕ್ಕಳು ಆನ್‌ಲೈನಲ್ಲಿ ಕೆಲಸ ಮಾಡಿಕೊಡ್ತೀವಿ ಅಂದರೆ: ಸಣ್ಣ ಸಂಸ್ಥೆಗಳು ಏನು ಮಾಡಬೇಕು?

ನಿಮ್ಮದು ಸಣ್ಣ ಸಂಸ್ಥೆ. ಇಂಟರ್‌ನೆಟ್‌ನಲ್ಲಿ ಎಲ್ಲೋ ನಿಮ್ಮ ಹೆಸರು ಸಿಕ್ಕಿರುತ್ತದೆ. ಹೊರದೇಶದ ಯೂನಿವರ್ಸಿಟಿಯ ಪ್ರೊಫೆಸರ್ ಒಬ್ಬರು ಮೇಲ್ ಬರೆಯುತ್ತಾರೆ. ನಮ್ಮ ವಿದ್ಯಾರ್ಥಿಗಳು ಒಂದು ಸೆಮಿಸ್ಟರ್ ನಿಮ್ಮ ಜೊತೆ ಆನ್‌ಲೈನಲ್ಲಿ ಕೆಲಸ ಮಾಡಬೇಕೆಂದಿದ್ದಾರೆ, ನೀವು ದುಡ್ಡೇನೂ ಕೊಡಬೇಕಿಲ್ಲ, ಮುಂದಿನ ವಾರ ಮಾತಾಡೋಣವೇ ಎಂದು ಕೇಳುತ್ತಾರೆ. ಖುಷಿಯಾಗುತ್ತದೆ, ಅಲ್ವಾ? ಖುಷಿಪಡಿ. ಆದರೆ ಹೂಂ ಅನ್ನುವ ಮುಂಚೆ ಇದನ್ನೊಮ್ಮೆ ಓದಿ.

ನಾನು ಧಾರವಾಡ ಜಿಲ್ಲೆಯಲ್ಲಿ ಕೌದಿ ಹೊಲಿಯುವ ಹೆಂಗಸರ ಸಂಘವೊಂದರ ಲೆಕ್ಕಪತ್ರ ನೋಡಿಕೊಳ್ಳುವವಳು. ಇಂಗ್ಲಿಷ್ ಬರುತ್ತದೆ ಅನ್ನುವ ಒಂದೇ ಕಾರಣಕ್ಕೆ ಇಂಥ ಮೇಲ್‌ಗಳೆಲ್ಲ ನನ್ನ ತಲೆಗೇ ಬರುತ್ತವೆ. ಬೇರೆ ಬೇರೆ ದೇಶದ ವಿದ್ಯಾರ್ಥಿಗಳ ಜೊತೆ ಕೆಲಸ ಮಾಡಿ ಗೊತ್ತಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಇದಕ್ಕೆ ಸರ್ವಿಸ್ ಲರ್ನಿಂಗ್ ಅನ್ನುತ್ತಾರೆ. ಬಿಡುವಿದ್ದಾಗ ಮಾಡುವ ಸೇವೆ ಇದಲ್ಲ, ಅವರ ಓದಿನ ಒಂದು ಪಾಠ. ವಿದ್ಯಾರ್ಥಿಗಳು ಒಂದು ಊರಿಗೋ ಸಂಘಕ್ಕೋ ಕೆಲಸ ಮಾಡಿಕೊಡಬೇಕು, ಅದರಿಂದ ಏನು ಕಲಿತೆವು ಅಂತ ಬರೆದು ಒಪ್ಪಿಸಬೇಕು, ಅದಕ್ಕೆ ಕ್ರೆಡಿಟ್, ಅಂದರೆ ಡಿಗ್ರಿಯ ಲೆಕ್ಕಕ್ಕೆ ಸೇರುವ ಅಂಕ ಸಿಗುತ್ತದೆ. ಹಾಂಗ್‌ಕಾಂಗ್ ಪಾಲಿಟೆಕ್ನಿಕ್ ಯೂನಿವರ್ಸಿಟಿಯಂಥ ಕಡೆ 2012ರಿಂದ ಡಿಗ್ರಿ ಬೇಕಾದರೆ ಇದು ಕಡ್ಡಾಯ. ಮೊದಲು ಇಂಥ ಮಕ್ಕಳು ವಿಮಾನ ಹತ್ತಿ ಬರುತ್ತಿದ್ದರು. ಆನ್‌ಲೈನಲ್ಲಿ ಮಾಡುವುದು ಆಗಲೂ ಅಲ್ಲಲ್ಲಿ ಇತ್ತು. ನ್ಯೂಯಾರ್ಕ್ ರಾಜ್ಯದ ಯೂನಿವರ್ಸಿಟಿ ಎರಡು ದೇಶದ ತರಗತಿಗಳನ್ನು ಇಂಟರ್‌ನೆಟ್‌ನಲ್ಲಿ ಕೂಡಿಸಿ ಪಾಠ ಮಾಡುವುದಕ್ಕೆ 2006ರಲ್ಲೇ ಒಂದು ಕೇಂದ್ರ ತೆರೆದಿತ್ತು. 2020ರ ಮಾರ್ಚ್‌ನಲ್ಲಿ ಕೋವಿಡ್ ಬಂದು ಎಲ್ಲರೂ ಮನೆ ಸೇರಿದ ಮೇಲೆ ಆನ್‌ಲೈನೇ ಗತಿಯಾಯಿತು. ಕೋವಿಡ್ ಹೋದರೂ ಆ ಅಭ್ಯಾಸ ಉಳಿಯಿತು, ಟಿಕೆಟ್ ಖರ್ಚಿಲ್ಲ ನೋಡಿ.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಮೇಲ್ ಬಂದಾಗ ನಮಗೆ ಉಪಕಾರ ಮಾಡಲು ಬಂದಿದ್ದಾರೆ ಅನ್ನಿಸುತ್ತದೆ. ನಿಜ ಹೇಳಬೇಕೆಂದರೆ ನಾವಿಲ್ಲದೆ ಆ ಪಾಠವೇ ನಡೆಯುವುದಿಲ್ಲ. ಆದ್ದರಿಂದ ಯಾವ ಕೆಲಸ, ಯಾವಾಗ, ಎಷ್ಟು ಅನ್ನುವುದನ್ನು ಹೇಳಬೇಕಾದವರು ನಾವು. ಸಂಕೋಚ ಬೇಡ.

ಮೇಜಿನ ಮೇಲೆ ಈಗಾಗಲೇ ಬಿದ್ದಿರುವ ಕೆಲಸ ಕೊಡಿ

ವಿದ್ಯಾರ್ಥಿಗಳು ಬರುತ್ತಿದ್ದಾರೆ, ಅವರಿಗೇನು ಕೆಲಸ ಹುಡುಕೋಣ ಅಂತ ಕೂರಬೇಡಿ. ಅವರು ಬರದಿದ್ದರೂ ನೀವು ಮಾಡಲೇಬೇಕಿದ್ದ, ಸಮಯವಿಲ್ಲದೆ ಆರು ತಿಂಗಳಿಂದ ಬಿದ್ದಿರುವ ಕೆಲಸ ಯಾವುದು? ಅದನ್ನೇ ಕೊಡಿ. ನಮ್ಮಲ್ಲಿ ಆಗ ಬಿದ್ದಿದ್ದು ಬೆಲೆಯ ಲೆಕ್ಕ. ಯಾವ ಅಳತೆಯ ಕೌದಿಗೆ ಎಷ್ಟು ಕೇಳಬೇಕು ಅನ್ನುವುದು ಬಾಯಿಮಾತಲ್ಲೇ ನಡೆಯುತ್ತಿತ್ತು. ಗಿರಾಕಿ ಚೌಕಾಸಿ ಮಾಡಿದರೆ ಒಬ್ಬಳು ಇಳಿಸುತ್ತಿದ್ದಳು, ಇನ್ನೊಬ್ಬಳು ಜಗಳಕ್ಕೆ ನಿಲ್ಲುತ್ತಿದ್ದಳು.

ದೂರದಿಂದ ಚೆನ್ನಾಗಿ ಆಗುವ ಕೆಲಸಗಳು ಕೆಲವೇ. ಲೆಕ್ಕದ ಶೀಟು, ಸಾಮಾನಿನ ಕ್ಯಾಟಲಾಗು, ಇಂಗ್ಲಿಷಿನಲ್ಲಿ ಸಂಸ್ಥೆಯ ಪರಿಚಯ, ಹಳೆಯ ರಿಜಿಸ್ಟರ್‌ಗಳನ್ನು ಎಕ್ಸೆಲ್‌ಗೆ ಏರಿಸುವುದು, ಇನ್‌ಸ್ಟಾಗ್ರಾಮ್ ಪುಟ ಸರಿ ಮಾಡುವುದು. ಇವು ಬೇಜಾರಿನ ಕೆಲಸ ಅಂತ ಕೆಲವು ಪ್ರೊಫೆಸರ್‌ಗಳಿಗೆ ಅನ್ನಿಸಬಹುದು. ಅವರು ಆ್ಯಪ್ ಮಾಡಿಕೊಡುತ್ತೇವೆ ಅನ್ನುತ್ತಾರೆ. ಬೇಡ ಅನ್ನಿ. ಗೂಗಲ್ ಪ್ಲೇ ಸ್ಟೋರ್‌ನಲ್ಲಿ ಹಾಕುವುದಕ್ಕೆ ಡೆವಲಪರ್ ಖಾತೆಗೆ 25 ಡಾಲರ್ ಒಂದೇ ಸಲ ಕಟ್ಟಿದರೆ ಆಯಿತು, ಅದು ದೊಡ್ಡ ಮಾತಲ್ಲ. ಮುಂದಿನ ವರ್ಷ ಆ್ಯಪ್ ಕೆಟ್ಟರೆ ಸರಿ ಮಾಡುವವರು ಯಾರು? ಹುಡುಗರು ಆಗ ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರಿರುತ್ತಾರೆ.

ಇನ್ನೊಂದು ಜಾತಿಯ ಕೆಲಸವನ್ನೂ ಒಪ್ಪಬೇಡಿ. ಹೆಂಗಸರಿಗೆ ಆರೋಗ್ಯದ ತಿಳಿವಳಿಕೆ, ಉಳಿತಾಯದ ತಿಳಿವಳಿಕೆ ಕೊಡುತ್ತೇವೆ ಅನ್ನುವುದು. ಹತ್ತೊಂಬತ್ತು ವರ್ಷದ ಹುಡುಗ, ಇಪ್ಪತ್ತು ವರ್ಷ ಸ್ವಸಹಾಯ ಸಂಘ ನಡೆಸಿದವರಿಗೆ ಉಳಿತಾಯ ಹೇಳಿಕೊಡುವುದು! ನಮ್ಮವರು ಪಾಪ ನಗುತ್ತಾ ಕೇಳಿಸಿಕೊಳ್ಳುತ್ತಾರೆ, ಆದರೆ ಆ ಒಂದು ಗಂಟೆ ಅವರದು.

ಕೆಲಸ ಯಾವುದೆಂದು ತೀರ್ಮಾನವಾದ ಮೇಲೆ ಒಂದು ಪುಟದಲ್ಲಿ ಬರೆಯಿರಿ. ನಾನು ಬರೆಯುವುದು ಹೀಗಿರುತ್ತದೆ:

"ಕೆಲಸ: ಮೂರು ಅಳತೆಯ ಕೌದಿಗೆ ಬೆಲೆ ಲೆಕ್ಕ ಹಾಕುವ ಒಂದು ಶೀಟು. ಫೋನಿನಲ್ಲಿ ತೆರೆಯಬೇಕು, ಕನ್ನಡದಲ್ಲಿ ಇರಬೇಕು. ನಾವು ಕೊಡುವುದು: ಹಳೆಯ ಖರೀದಿ ಚೀಟಿಗಳ ಫೋಟೊ, ಕೌದಿಗಳ ಫೋಟೊ. ಹೆಂಗಸರ ಜೊತೆ ಮಾತು: ಸೆಮಿಸ್ಟರಿಗೆ ಎರಡು ಸಲ, ಒಂದೊಂದು 40 ನಿಮಿಷ. ಉಳಿದ ಪ್ರಶ್ನೆಗಳು: ವಾರಕ್ಕೊಂದು ಸಲ ಒಟ್ಟಿಗೆ ಕಳಿಸಬೇಕು, ಮೂರು ದಿನದಲ್ಲಿ ಉತ್ತರ ಕೊಡುತ್ತೇವೆ. ಬೇಡದ್ದು: ವೆಬ್‌ಸೈಟ್, ಆ್ಯಪ್, ಲೋಗೋ ಬದಲಾವಣೆ, ಹಣ ಸಂಗ್ರಹ."

'ಬೇಡದ್ದು' ಅನ್ನುವ ಸಾಲನ್ನು ಮರೆಯದೆ ಹಾಕಿ. ಬಹಳ ತಲೆನೋವು ಅದರಿಂದಲೇ ತಪ್ಪುತ್ತದೆ. ನಮ್ಮ ಲೋಗೋ ಬದಲಾಯಿಸಲು ಯಾಕೆ ಎಲ್ಲರಿಗೂ ಅಷ್ಟು ಆಸೆಯೋ ಗೊತ್ತಿಲ್ಲ.

ಕ್ಯಾಲೆಂಡರು, ಗಡಿಯಾರ

ಅಮೆರಿಕದಲ್ಲಿ ಒಂದು ಸೆಮಿಸ್ಟರ್ ಆಗಸ್ಟ್ ಕೊನೆಗೆ ಶುರುವಾಗಿ ಡಿಸೆಂಬರ್ ನಡುವೆ ಮುಗಿಯುತ್ತದೆ. ಇನ್ನೊಂದು ಜನವರಿ ನಡುವಿನಿಂದ ಮೇ ಮೊದಲ ವಾರದವರೆಗೆ. ಹೆಸರಿಗೆ 15 ವಾರ. ಮೊದಲ ಮೂರು ವಾರ ತಂಡ ಮಾಡಿಕೊಳ್ಳುವುದರಲ್ಲಿ ಹೋಗುತ್ತದೆ, ಕೊನೆಯ ಎರಡು ವಾರ ಪರೀಕ್ಷೆಯ ಗಡಿಬಿಡಿ. ನಡುವೆ ನವೆಂಬರ್ ನಾಲ್ಕನೇ ಗುರುವಾರ ಅವರ ಥ್ಯಾಂಕ್ಸ್‌ಗಿವಿಂಗ್ ಹಬ್ಬ, ಮಾರ್ಚ್ ಆಸುಪಾಸು ಒಂದು ವಾರ ರಜೆ. ನಿಮ್ಮ ಕೆಲಸಕ್ಕೆ ಸಿಗುವುದು ಎಂಟು ಒಂಬತ್ತು ವಾರ ಅಂದುಕೊಳ್ಳಿ.

ಅವರ ಕ್ಯಾಲೆಂಡರ್ ಪಕ್ಕ ನಿಮ್ಮದನ್ನು ಇಟ್ಟು ನೋಡಿ. ನಮ್ಮ ಕಡೆ ಆಗಸ್ಟ್ ಕೊನೆಯಿಂದ ಹೆಸರುಕಾಳು ಬಿಡಿಸುವುದು, ಆಮೇಲೆ ಸೋಯಾಬೀನು, ಅದು ಮುಗಿಯುವುದರೊಳಗೆ ಹಿಂಗಾರಿ ಬಿತ್ತನೆ, ದಸರಾ, ದೀಪಾವಳಿ. ಹೊಲದಲ್ಲಿ ಇರುವ ಹೆಂಗಸನ್ನು ಝೂಮ್‌ಗೆ ಕರೆದರೆ ಆ ದಿನದ ಕೂಲಿ ಹೋಗುತ್ತದೆ. ಆದ್ದರಿಂದ ನಾನು ಜನವರಿ ಸೆಮಿಸ್ಟರಿಗೇ ಬನ್ನಿ ಅನ್ನುತ್ತೇನೆ. ಕಡಲೆ, ಜೋಳದ ಕೊಯ್ಲು ನಡುವೆ ಬಂದರೂ ಬೇಸಿಗೆ ಬಂತೆಂದರೆ ಕೈಗೆ ಸೂಜಿ ಬರುತ್ತದೆ. ಸಂತೆಯ ದಿನ ಯಾವತ್ತೂ ಮೀಟಿಂಗ್ ಇಡಬೇಡಿ.

ಗಡಿಯಾರದ ಲೆಕ್ಕವನ್ನು ಸರಿಯಾಗಿ ಹಾಕಿಕೊಳ್ಳಿ. ನಮ್ಮಲ್ಲಿ ರಾತ್ರಿ 8 ಆದಾಗ ನ್ಯೂಯಾರ್ಕ್ ಕಡೆ ಅವರ ಬೇಸಿಗೆಯಲ್ಲಿ ಬೆಳಿಗ್ಗೆ 10:30, ಚಳಿಗಾಲದಲ್ಲಿ 9:30. ಇದು ಇಬ್ಬರಿಗೂ ಆಗುವ ಹೊತ್ತು. ಕ್ಯಾಲಿಫೋರ್ನಿಯಾದಲ್ಲಿ ಅದೇ ಹೊತ್ತಿಗೆ ಬೆಳಿಗ್ಗೆ 7:30 ಅಥವಾ 6:30. ಕಾಲೇಜು ಮಕ್ಕಳು ಆ ಹೊತ್ತಿಗೆ ಏಳುತ್ತಾರೆ ಅಂತ ನಂಬಬೇಡಿ. ಇಂಗ್ಲೆಂಡ್ ಆದರೆ ಸುಲಭ, ಮಧ್ಯಾಹ್ನ 3:30 ಅಥವಾ 2:30. ಹಾಂಗ್‌ಕಾಂಗ್ ನಮಗಿಂತ ಎರಡೂವರೆ ಗಂಟೆ ಮುಂದೆ, ಅವರ ಜೊತೆ ಸಂಜೆ ಬೇಗ ಮಾತಾಡಬೇಕು.

ಇಲ್ಲೊಂದು ಹಳ್ಳವಿದೆ. ಅಮೆರಿಕದಲ್ಲಿ ಮಾರ್ಚ್ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದಕ್ಕೆ, ನವೆಂಬರ್ ಮೊದಲ ಭಾನುವಾರ ಹಿಂದಕ್ಕೆ. ಯುರೋಪಿನಲ್ಲಿ ಮಾರ್ಚ್ ಮತ್ತು ಅಕ್ಟೋಬರ್ ಕೊನೆಯ ಭಾನುವಾರ. ನ್ಯೂಯಾರ್ಕಿನವರು ಎಂದಿನಂತೆ ಅವರ ಬೆಳಿಗ್ಗೆ 10:30ಕ್ಕೇ ಬರುತ್ತಾರೆ, ನಮಗೆ ಮಾತ್ರ ನವೆಂಬರ್‌ನಿಂದ ರಾತ್ರಿ 8ರ ಕರೆ 9ಕ್ಕೆ ಹೋಗಿರುತ್ತದೆ. ಅಷ್ಟರಲ್ಲಿ ಅರ್ಧ ಜನ ಹಾಸಿಗೆ ಹಾಸಿರುತ್ತಾರೆ. ಪರಿಹಾರ ಸುಲಭ. ಮೀಟಿಂಗ್ ಕರೆಯುವವರು ನೀವಾಗಿ. ಗೂಗಲ್ ಕ್ಯಾಲೆಂಡರ್‌ನಲ್ಲಿ ಸಮಯವಲಯ ಕೋಲ್ಕತ್ತಾ (ಭಾರತದ ಸಮಯಕ್ಕೆ ಅಲ್ಲಿರುವ ಹೆಸರು) ಅಂತ ಇಟ್ಟು ಆಮಂತ್ರಣ ಕಳಿಸಿ. ಏರುಪೇರು ಆಗುವುದು ಅವರ ಕಡೆಗೆ ಆಗಲಿ.

ಹೆಂಗಸರ ಜೊತೆ ಮಾತು

ಮೊದಲ ಕರೆಗೇ ಎಲ್ಲರನ್ನೂ ಕೂರಿಸಬೇಡಿ. ಮೊದಲ ಎರಡು ಮೂರು ವಾರ ವಿದ್ಯಾರ್ಥಿಗಳು ನಿಮ್ಮೊಬ್ಬರ ಜೊತೆ ಮಾತಾಡಲಿ, ಗೂಗಲ್‌ನಲ್ಲಿ ಸಿಗುವಂಥ ಪ್ರಶ್ನೆಗಳನ್ನೆಲ್ಲ ಅಲ್ಲೇ ಮುಗಿಸಲಿ. ಹೆಂಗಸರ ಮುಂದೆ ಬರುವಾಗ ಮೂರೇ ಪ್ರಶ್ನೆ ಇರಬೇಕು, ಎರಡು ದಿನ ಮೊದಲೇ ನಿಮ್ಮ ಕೈ ಸೇರಿರಬೇಕು. ನೀವು ಅದನ್ನು ಕನ್ನಡದಲ್ಲಿ ಹೇಳಿ ವಾಟ್ಸಾಪ್ ವಾಯ್ಸ್ ಮೆಸೇಜ್ ಕಳಿಸಿಬಿಡಿ. ಕೆಲಸ ಮಾಡುತ್ತಾ ಕೇಳಿಕೊಂಡು ಯೋಚನೆ ಮಾಡಿರುತ್ತಾರೆ. ಝೂಮ್ ಪುಕ್ಕಟೆ ಖಾತೆಯಲ್ಲಿ 40 ನಿಮಿಷಕ್ಕೆ ಕಟ್ ಆಗುತ್ತದೆ. ಗೂಗಲ್ ಮೀಟ್‌ನಲ್ಲಿ ಮೂರು ಅಥವಾ ಹೆಚ್ಚು ಜನ ಇದ್ದರೆ ಒಂದು ಗಂಟೆ ಸಿಗುತ್ತದೆ. ನನಗೆ 40 ನಿಮಿಷದ್ದೇ ಇಷ್ಟ. ಎರಡೂ ಕಡೆಯ ಮಾತನ್ನು ತಿರುಗಿಸಿ ಹೇಳಬೇಕಾದ್ದರಿಂದ ಸಿಗುವ ಮಾತು 20 ನಿಮಿಷದ್ದೇ ಅಂತ ವಿದ್ಯಾರ್ಥಿಗಳಿಗೆ ಮೊದಲೇ ಹೇಳಿಡಿ.

ಬೆಲೆ ಲೆಕ್ಕದ ತಂಡದ ಜೊತೆ ನಡೆದ ಕರೆಯನ್ನೇ ಹೇಳುತ್ತೇನೆ. ಸಂಘದ ಕೋಣೆಯಲ್ಲಿ ನೆಲದ ಮೇಲೆ ಕೂತಿದ್ದೆವು. ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ ಇಟ್ಟಿದ್ದೆ. ಒಬ್ಬ ಹುಡುಗಿ ಕೇಳಿದಳು, ಒಂದು ಕೌದಿ ಹೊಲಿಯಲು ಎಷ್ಟು ಗಂಟೆ ಬೇಕು ಅಂತ. ಗಂಟೆಗೆ ಇಷ್ಟು ಕೂಲಿ ಅಂತ ಶೀಟು ಮಾಡುವುದು ಅವರ ಯೋಚನೆ.

ನಮ್ಮ ಗುಂಪಿನ ಹಿರಿಯವ್ವ ನಕ್ಕಳು. "ತಾಸು ಯಾರ್ ಎಣಸ್ತಾರ ಯವ್ವಾ? ಮೊಮ್ಮಗ ಮಕ್ಕೊಂಡಾಗ ನಾಕು ಸಾಲು ಹೊಲಿತೀನಿ. ಅಂವ ಎದ್ದ ಮ್ಯಾಲ ಮಡಚಿ ಇಡ್ತೀನಿ."

ಹಾಗಾದರೆ ಎಷ್ಟು ದಿನ ಅಂತ ಹುಡುಗಿ ಕೇಳಿದಳು.

"ಶ್ರಾವಣದಾಗ ಹಚ್ಚಿದ್ರ ದೀಪಾವಳಿಗೆ ಮುಗೀತೈತಿ. ಬ್ಯಾಸಿಗ್ಯಾಗಾದ್ರ ಲಗೂನ."

ಆ ಕಡೆ ಸುಮ್ಮನಾದರು. ಆಗ ಬಾಗಿಲ ಹತ್ತಿರ ಕೂತಿದ್ದವಳು ನನ್ನ ಕಡೆ ತಿರುಗಿ, "ಅಕ್ಕಾರ, ಉಂಡಿ ಲೆಕ್ಕ ಕೇಳಾಕ ಹೇಳ್ರಿ. ಎಷ್ಟು ಉಂಡಿ ದಾರ ಹೋತು ಅನ್ನೂದು ನಮಗ ಗೊತ್ತಿರತೈತಿ. ರೊಕ್ಕ ಕೊಟ್ಟು ತಂದಿರತೀವಲ್ಲ" ಅಂದಳು.

ಅಲ್ಲಿಂದ ಶೀಟು ಸರಿದಾರಿಗೆ ಬಂತು. ಕೌದಿಯ ಬಟ್ಟೆ ಹಳೆಯ ಸೀರೆ, ಧೋತರದ್ದು. ಅದನ್ನು ಪದರ ಪದರವಾಗಿ ಇಟ್ಟು ಸಾಲು ಸಾಲು ಹೊಲಿಯುತ್ತಾರೆ. ಸಾಲು ಒತ್ತಾಗಿದ್ದಷ್ಟೂ ದಾರ ಜಾಸ್ತಿ, ದಾರ ಜಾಸ್ತಿಯಾದಷ್ಟೂ ಕೆಲಸ ಜಾಸ್ತಿ, ಕೌದಿಯ ಬಾಳಿಕೆಯೂ ಜಾಸ್ತಿ. ಹಾಗಾಗಿ ಒಂದು ಉಂಡೆ ದಾರಕ್ಕೆ ಇಷ್ಟು ಕೂಲಿ ಅಂತ ಹಿಡಿದರೆ ಎಲ್ಲರಿಗೂ ಒಪ್ಪಿಗೆ. ವಿದ್ಯಾರ್ಥಿಗಳು ಉದ್ದ, ಅಗಲ, ಉಂಡೆ, ಸಾಗಣೆ ಅಂತ ನಾಲ್ಕು ಖಾನೆ ಮಾಡಿ ಕಳಿಸಿದರು. ಉಂಡೆಗೆ ಎಷ್ಟು ಅನ್ನುವ ಖಾನೆಯನ್ನು ಖಾಲಿ ಬಿಡಿ ಅಂದಿದ್ದೆ. ಅದನ್ನು ಎರಡನೇ ಕರೆಯ ಹೊತ್ತಿಗೆ ಹೆಂಗಸರೇ ಕೂತು ವಾದ ಮಾಡಿ ತುಂಬಿದರು. ನಿಮ್ಮ ಕೆಲಸ ಬೇರೆ ಇರಬಹುದು. ಆದರೆ ಯಾವ ಖಾನೆ ತುಂಬುವವರು ನಿಮ್ಮವರು ಅನ್ನುವುದನ್ನು ಮೊದಲೇ ಗುರುತು ಮಾಡಿಡಿ.

ಕರೆಗೆ ಬಂದವರಿಗೆ ಚಹಾ ಚೂಡಾ ಕೊಟ್ಟರೆ ಸಾಲದು. ಅರ್ಧ ದಿನದ ಕೂಲಿ ತಪ್ಪಿದರೆ ಅದನ್ನು ಕೊಡಬೇಕು. ಇದಕ್ಕೆ ಯೂನಿವರ್ಸಿಟಿಗಳಲ್ಲಿ ಸಣ್ಣ ಬಜೆಟ್ ಇರುವುದುಂಟು. ಕೇಳಿದರೆ ಮಾತ್ರ ಹೇಳುತ್ತಾರೆ. ಆದರೆ ದುಡ್ಡು ತೆಗೆದುಕೊಳ್ಳುವ ಮುಂಚೆ ಮುಂದಿನ ಭಾಗ ಓದಿ.

ದುಡ್ಡಿನ ವಿಷಯ

ವಿದ್ಯಾರ್ಥಿಗಳಿಗೆ ನಿಮ್ಮ ಮೇಲೆ ಪ್ರೀತಿ ಬಂದ ಕೂಡಲೇ ದುಡ್ಡು ಕೂಡಿಸಿ ಕಳಿಸೋಣ ಅನ್ನಿಸುತ್ತದೆ. ಒಳ್ಳೆಯ ಮನಸ್ಸೇ. ಆದರೆ ನಮ್ಮ ದೇಶದಲ್ಲಿ 2010ರ ವಿದೇಶಿ ದೇಣಿಗೆ ಕಾಯ್ದೆ, ಅಂದರೆ ಎಫ್‌ಸಿಆರ್‌ಎ ಇದೆ. ಅದರ ನೋಂದಣಿ ಅಥವಾ ಮುಂಗಡ ಅನುಮತಿ ಇಲ್ಲದ ಸಂಸ್ಥೆ ವಿದೇಶಿ ದೇಣಿಗೆ ಮುಟ್ಟುವ ಹಾಗಿಲ್ಲ. ನೋಂದಣಿ ಇದ್ದವರಿಗೂ 2020ರ ತಿದ್ದುಪಡಿಯ ಮೇಲೆ ದುಡ್ಡು ಮೊದಲು ಬರಬೇಕಾದದ್ದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ. ನೋಂದಣಿ ಇರುವ ಇನ್ನೊಂದು ಸಂಸ್ಥೆ ತೆಗೆದುಕೊಂಡು ನಮಗೆ ದಾಟಿಸಲಿ ಅನ್ನುವ ದಾರಿಯನ್ನೂ ಅದೇ ತಿದ್ದುಪಡಿ ಮುಚ್ಚಿದೆ. 'ನಿಮ್ಮ ಸ್ವಂತ ಖಾತೆಗೆ ಹಾಕಿಬಿಡ್ತೀವಿ ಮೇಡಂ' ಅಂತಲೂ ಕೇಳುತ್ತಾರೆ. ಆ ಗೊಡವೆಗೆ ಹೋಗಲೇಬೇಡಿ.

ಕೌದಿ ಮಾರಿ ಬಂದ ದುಡ್ಡು, ಮಾಡಿದ ಕೆಲಸಕ್ಕೆ ಬಿಲ್ ಕೊಟ್ಟು ಪಡೆದ ದುಡ್ಡು ಇವೆಲ್ಲ ದೇಣಿಗೆಗಿಂತ ಬೇರೆ ಲೆಕ್ಕ. ಆದರೂ ನಿಮ್ಮ ಸಿಎಯನ್ನು ಒಂದು ಮಾತು ಕೇಳಿಯೇ ಮುಂದೆ ಹೋಗಿ. ಹೊರದೇಶಕ್ಕೆ ಮಾಲು ಕಳಿಸುವುದಾದರೆ ರಫ್ತಿನ ಕೋಡ್ ಬೇರೆ ಬೇಕಾಗುತ್ತದೆ.

ಫೋಟೊ, ಹೆಸರು, ನಂಬರು

ವಾಟ್ಸಾಪ್ ಗುಂಪಿಗೆ ಹೆಂಗಸರನ್ನು ಸೇರಿಸಬೇಡಿ, ಎಲ್ಲರ ನಂಬರು ಎಲ್ಲರಿಗೂ ಕಾಣುತ್ತದೆ. ವಿದ್ಯಾರ್ಥಿಗಳ ಕಡೆಯಿಂದ ಒಬ್ಬರು, ನಿಮ್ಮ ಕಡೆಯಿಂದ ಇಬ್ಬರು ಸಾಕು.

ಮುಖದ ಫೋಟೊ ಯಾಕೆ ಬೇಕು ಅಂತ ಕೇಳಿ. ಕ್ಯಾಟಲಾಗಿಗೆ ಕೌದಿ ಕಂಡರೆ ಸಾಕು, ಹೊಲಿಯುವ ಕೈ ಕಂಡರೆ ಇನ್ನೂ ಒಳ್ಳೆಯದು. ಫೋಟೊ ಕಳಿಸುವಾಗ ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ. ಇಲ್ಲದಿದ್ದರೆ ಕುಗ್ಗಿ, ಹೊಲಿಗೆಯ ಸಾಲೇ ಕಾಣುವುದಿಲ್ಲ. ಮಕ್ಕಳ ಫೋಟೊ, ವಿವರ ಬೇಡವೇ ಬೇಡ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯಲ್ಲಿ 18 ವರ್ಷ ತುಂಬದವರೆಲ್ಲ ಮಕ್ಕಳೇ, ತಂದೆತಾಯಿಯ ಒಪ್ಪಿಗೆ ಬೇಕು.

ವಿದ್ಯಾರ್ಥಿಗಳು ಪ್ರತಿ ವಾರ ಡೈರಿಯಂಥದ್ದು ಬರೆಯುತ್ತಾರೆ. ಅದರಲ್ಲಿ ನಿಮ್ಮೂರು, ನಿಮ್ಮವರು ಬಂದೇ ಬರುತ್ತಾರೆ. ಹೆಸರು ಬದಲಿಸಿ ಬರೆಯಿರಿ ಅಂತ ಮೊದಲ ವಾರವೇ ಹೇಳಿ. ತರಗತಿಯಲ್ಲಿ ತೋರಿಸುವ ಸ್ಲೈಡನ್ನು ಮೊದಲು ನಿಮಗೆ ತೋರಿಸಬೇಕು ಅನ್ನುವುದನ್ನೂ ಆ ಒಂದು ಪುಟದಲ್ಲಿ ಸೇರಿಸಿ. ಒಂದು ತಂಡ ಇಂಟರ್‌ನೆಟ್‌ನಿಂದ ಬಿರುಕು ಬಿಟ್ಟ ನೆಲದ ಚಿತ್ರ ತೆಗೆದು ನಮ್ಮ ಊರು ಅಂತ ಹಾಕಿತ್ತು. ಆ ವರ್ಷ ನಮ್ಮಲ್ಲಿ ಮಳೆ ಜಾಸ್ತಿಯಾಗಿ ಸೋಯಾಬೀನು ಹೊಲದಲ್ಲೇ ಕೊಳೆತಿತ್ತು! ಮೊದಲೇ ನೋಡಿದ್ದರಿಂದ ತೆಗೆಸಿದೆವು.

ಆದಾಯ, ಜಾತಿ, ಕಾಯಿಲೆ ಬಗ್ಗೆ ಪ್ರಶ್ನಾವಳಿ ಬಂದರೆ ಅದು ಸಂಶೋಧನೆಯ ಕಡೆಗೆ ತಿರುಗಿದೆ ಅಂತ ತಿಳಿಯಿರಿ. ಅಮೆರಿಕದ ಯೂನಿವರ್ಸಿಟಿಗಳಲ್ಲಿ ಮನುಷ್ಯರ ಮೇಲಿನ ಸಂಶೋಧನೆಗೆ ಐಆರ್‌ಬಿ ಅನ್ನುವ ಸಮಿತಿ ಒಪ್ಪಿಗೆ ಕೊಡಬೇಕು. ಆ ಒಪ್ಪಿಗೆ ಪತ್ರ ತೋರಿಸಿ, ಉತ್ತರಗಳನ್ನು ಯಾರು ಇಟ್ಟುಕೊಳ್ಳುತ್ತಾರೆ ಹೇಳಿ ಅನ್ನಿ. ಸುಮ್ನೆ ತರಗತಿಗೆ ಅಂದರೆ, ತರಗತಿಗೆ ಈ ಪ್ರಶ್ನೆ ಬೇಕಿಲ್ಲ ಅನ್ನಿ.

ಕನ್ನಡ ಅಕ್ಷರ

ಇದು ಸಣ್ಣ ವಿಷಯ, ಆದರೆ ಪ್ರತಿ ಸಲ ಬರುತ್ತದೆ. 'ನುಡಿ', 'ಬರಹ' ಸಾಫ್ಟ್‌ವೇರ್‌ಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹೊರದೇಶಕ್ಕೆ ಕಳಿಸಿದರೆ ಅಲ್ಲಿ ಬರೀ ಗೀಚಿದ ಹಾಗೆ ಕಾಣುತ್ತದೆ. ಯೂನಿಕೋಡ್‌ನಲ್ಲಿ ಕಳಿಸಿ. ಫಾಂಟ್ ಯಾವುದು ಅಂದರೆ ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ ಎರಡೂ ಗೂಗಲ್ ಫಾಂಟ್ಸ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಅವರು ಪುಟ ಜೋಡಿಸುವ ಇನ್‌ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಮಾಡುತ್ತಿದ್ದರೆ ಅದರಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಆನ್ ಮಾಡಲು ಹೇಳಿ. ಇಲ್ಲದಿದ್ದರೆ ಒತ್ತಕ್ಷರ ಕಿತ್ತುಹೋಗಿ 'ಅಕ್ಕ' ಅನ್ನುವುದು 'ಅಕ್‌ಕ' ಆಗಿ ಕೂರುತ್ತದೆ. ಕನ್ನಡ ಬಾರದವರ ಕಣ್ಣಿಗೆ ಅದರಲ್ಲಿ ತಪ್ಪೇ ಕಾಣುವುದಿಲ್ಲ. ಪ್ರಿಂಟಿಗೆ ಹೋಗುವ ಮೊದಲು ಪಿಡಿಎಫ್ ತರಿಸಿ, ಒಂದೊಂದು ಸಾಲೂ ನೀವೇ ಓದಿ.

ಕೊನೆಯ ಎರಡು ವಾರ

ಕೊನೆಯ ಪ್ರೆಸೆಂಟೇಷನ್ ಅವರ ಹಬ್ಬ. ಪ್ರೊಫೆಸರ್ ಇರುತ್ತಾರೆ, ಧನ್ಯವಾದಗಳ ಸುರಿಮಳೆ ಆಗುತ್ತದೆ, ಮಾರನೇ ದಿನದಿಂದ ಯಾರೂ ಮೇಲ್‌ಗೆ ಉತ್ತರ ಕೊಡುವುದಿಲ್ಲ. ಪಾಪ, ಅವರಿಗೆ ಪರೀಕ್ಷೆ. ಅದಕ್ಕೆ ಫೈಲುಗಳೆಲ್ಲ ಪ್ರೆಸೆಂಟೇಷನ್‌ಗೆ ಒಂದು ವಾರ ಮೊದಲೇ ಕೈಗೆ ಬರಬೇಕು ಅಂತ ಪ್ರೊಫೆಸರ್ ಜೊತೆ ಮೊದಲೇ ಮಾತಾಡಿಕೊಳ್ಳಿ.

ಗೂಗಲ್ ಶೀಟಿಗೆ ಲಿಂಕ್ ಕೊಟ್ಟರೆ ಸಾಲದು. ಅದು ವಿದ್ಯಾರ್ಥಿಯ ಯೂನಿವರ್ಸಿಟಿ ಖಾತೆಯಲ್ಲಿ ಇರುತ್ತದೆ, ಆ ಖಾತೆ ಮುಚ್ಚಿದ ದಿನ ಶೀಟೂ ಹೋಗುತ್ತದೆ. ಮೇಕ್ ಎ ಕಾಪಿ ಒತ್ತಿ ಸಂಸ್ಥೆಯ ಡ್ರೈವ್‌ನಲ್ಲಿ ನಿಮ್ಮದೇ ಪ್ರತಿ ಇಟ್ಟುಕೊಳ್ಳಿ. ಕ್ಯಾಟಲಾಗನ್ನು ಕ್ಯಾನ್ವಾ ಅನ್ನುವ ಡಿಸೈನ್ ವೆಬ್‌ಸೈಟಿನಲ್ಲಿ ಮಾಡಿದ್ದರೆ ಟೆಂಪ್ಲೇಟ್ ಲಿಂಕ್ ಕೇಳಿ, ಚಿತ್ರ ಮಾತ್ರ ಕೊಟ್ಟರೆ ನಾಳೆ ಬೆಲೆ ಬದಲಿಸಲು ಆಗುವುದಿಲ್ಲ. ಇನ್‌ಸ್ಟಾಗ್ರಾಮ್ ಪುಟ ಅವರು ತೆರೆದಿದ್ದರೆ ಪಾಸ್‌ವರ್ಡ್ ಬದಲಿಸಿ, ಫೋನ್ ನಂಬರು, ಮೇಲ್ ಎರಡೂ ಸಂಸ್ಥೆಯದಾಗಿವೆಯೇ ನೋಡಿ. ಆಮೇಲೆ ಅವರ ಎದುರೇ ಶೀಟು ತೆರೆದು ಒಂದು ಹೊಸ ಕೌದಿಯ ಲೆಕ್ಕ ಹಾಕಿ. ಎಲ್ಲಾದರೂ ಸಿಕ್ಕಿಕೊಂಡರೆ ಅವರು ಇನ್ನೂ ಇದ್ದಾರೆ, ಸರಿ ಮಾಡಿಕೊಡುತ್ತಾರೆ.

ಪ್ರೊಫೆಸರ್ ಅಭಿಪ್ರಾಯದ ಫಾರ್ಮ್ ಕಳಿಸುತ್ತಾರೆ. ಎಲ್ಲದಕ್ಕೂ ಐದಕ್ಕೆ ಐದು ಕೊಟ್ಟು ಕೈ ತೊಳೆದುಕೊಳ್ಳಬೇಡಿ. ಯಾವ ತಂಡ ಪ್ರಶ್ನೆಗಳನ್ನು ಹೊತ್ತಿಗೆ ಸರಿಯಾಗಿ ಕಳಿಸಿತು, ಯಾವುದು ಕಳಿಸಲಿಲ್ಲ, ನಿಮಗೆ ವಾರಕ್ಕೆ ಎಷ್ಟು ಗಂಟೆ ಹೋಯಿತು ಅನ್ನುವುದನ್ನು ಬರೆಯಿರಿ. ಒಳ್ಳೆಯ ಪ್ರೊಫೆಸರ್ ಆದರೆ ಮುಂದಿನ ಸಲಕ್ಕೆ ಅದನ್ನೇ ಇಟ್ಟುಕೊಂಡು ಪಾಠ ಬದಲಿಸುತ್ತಾರೆ. ಚೆನ್ನಾಗಿ ಕೆಲಸ ಮಾಡಿದ ಹುಡುಗ ಹುಡುಗಿಯರಿಗೆ ನಾಲ್ಕು ಸಾಲಿನ ಪತ್ರ ಬರೆದುಕೊಡಿ, ಅವರಿಗೆ ಅದು ಕೆಲಸಕ್ಕೆ ಬರುತ್ತದೆ.

ಮುಂದಿನ ಸೆಮಿಸ್ಟರಿಗೂ ಬರುತ್ತೇವೆ ಅಂದರೆ ಕೂಡಲೇ ಉತ್ತರ ಕೊಡಬೇಡಿ. ಮೂರು ತಿಂಗಳು ಬಿಟ್ಟು, ಆ ಶೀಟನ್ನು ನಿಮ್ಮನ್ನು ಬಿಟ್ಟು ಬೇರೆ ಯಾರಾದರೂ ತೆರೆದಿದ್ದಾರಾ ನೋಡಿ. ತೆರೆದಿದ್ದರೆ ಅದೇ ಪ್ರೊಫೆಸರ್‌ಗೆ ಬರೆದು ಅದರ ಮುಂದಿನ ಭಾಗ ಕೊಡಿ. ಯಾರೂ ತೆರೆಯದಿದ್ದರೆ ಒಂದು ವರ್ಷ ಬೇಡ ಅನ್ನಿ. ಇಂಥ ಮೇಲ್‌ಗಳು ಹೇಗೂ ಬರುತ್ತಲೇ ಇರುತ್ತವೆ.